ನಲವತ್ತಮೂರು ಡಿಗ್ರಿಯ ಜಾಡು ಹಿಡಿದು ಬರ್ಲಿನ್‌ನಲ್ಲಿ

ಬರ್ಲಿನ್‌ನ ಯು-9 ಮೆಟ್ರೋದಲ್ಲಿ ಆಮ್ರುಮರ್ ಸ್ಟ್ರಾಸೆ ನಿಲ್ದಾಣಕ್ಕೆ ಬಂದಿಳಿದರೆ ರುಡಾಲ್ಫ್ ವಿರ್ಕೋ ಆಸ್ಪತ್ರೆ ಹತ್ತಿರದಲ್ಲೇ ಇದೆ. ಆಗಸ್ಟನ್‌ಬುರ್ಗರ್ ಪ್ಲಾಟ್ಸ್ ಎಂಬ ಚೌಕದಲ್ಲಿ ಅದರ ಮುಖ್ಯದ್ವಾರ. ಒಳಗೆ ಹೋದವರಿಗೆ ಮೊದಲು ಕಾಣುವುದು ಉದ್ದಕ್ಕೆ ಚಾಚಿದ ಸಾಲುಮರದ ದಾರಿ, ಅದರ ಎರಡೂ ಬದಿಗೆ ಬಿಡಿಬಿಡಿ ಕಟ್ಟಡಗಳು. 1906ರಲ್ಲಿ ಆಸ್ಪತ್ರೆ ಶುರುವಾದಾಗ ವಾಸ್ತುಶಿಲ್ಪಿ ಲುಡ್ವಿಗ್ ಹಾಫ್‌ಮನ್ ಬೇಕೆಂದೇ ವಾರ್ಡುಗಳನ್ನು ದೂರ ದೂರ ಇಟ್ಟಿದ್ದರು. ಒಂದು ವಾರ್ಡಿನ ಸೋಂಕು ಇನ್ನೊಂದಕ್ಕೆ ದಾಟಬಾರದು, ಮಲಗಿದವರಿಗೆ ಗಾಳಿ ಬೆಳಕು ಸಿಗಬೇಕು ಎಂಬುದು ಆಗಿನ ಲೆಕ್ಕ. ಮಹಾಯುದ್ಧದಲ್ಲಿ ಬಹಳಷ್ಟು ಹಾಳಾಯಿತು, ಮತ್ತೆ ಕಟ್ಟಿದರು. ಈಗ ಇದು ಶಾರಿಟೆ ವೈದ್ಯಕೀಯ ವಿಶ್ವವಿದ್ಯಾಲಯದ ಒಂದು ಆವರಣ. ಮರದಡಿಯ ಬೆಂಚುಗಳ ಮೇಲೆ ರೋಗಿಗಳು ಬಿಸಿಲು ಕಾಯಿಸುತ್ತ ಕೂತಿರುತ್ತಾರೆ.

ನಾನು ಬಂದದ್ದು ಒಂದು ಚಿಕಿತ್ಸೆ ಬೆಳೆದ ಜಾಗವನ್ನು ನೋಡಲು. ಕಬ್ಬಿಣದ ಆಕ್ಸೈಡಿನ ಅತಿಸಣ್ಣ ಕಣಗಳನ್ನು ನೀರಿನಲ್ಲಿ ಬೆರೆಸಿ ಕ್ಯಾನ್ಸರ್ ಗಡ್ಡೆಯೊಳಗೆ ಚುಚ್ಚುತ್ತಾರೆ. ಆಮೇಲೆ ರೋಗಿಯನ್ನು ಒಂದು ಯಂತ್ರದಡಿ ಮಲಗಿಸಿ, ಸೆಕೆಂಡಿಗೆ ಲಕ್ಷ ಸಲ ಹಿಂದೆ ಮುಂದೆ ಹೊರಳುವ ಕಾಂತಕ್ಷೇತ್ರವನ್ನು ಹೊರಗಿನಿಂದ ಹಾಯಿಸುತ್ತಾರೆ. ಕಣಗಳು ಬಿಸಿಯಾಗುತ್ತವೆ, ಗಡ್ಡೆ ಒಳಗಿನಿಂದಲೇ ಕಾಯುತ್ತದೆ. ಆಲೋಚನೆ ಹಳೆಯದು. 1957ರಲ್ಲೇ ಅಮೆರಿಕದ ಶಸ್ತ್ರವೈದ್ಯ ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು ನಾಯಿಗಳ ದುಗ್ಧಗ್ರಂಥಿಗಳಲ್ಲಿ ಇಂಥ ಕಣಗಳನ್ನು ಸೇರಿಸಿ ಬಿಸಿ ಮಾಡಿ ತೋರಿಸಿದ್ದರು. ಅದನ್ನು ಮನುಷ್ಯರ ಹಾಸಿಗೆಯವರೆಗೆ ತಂದವರು ಬರ್ಲಿನ್‌ನವರು. ಶಾರಿಟೆಯ ಆಂಡ್ರೆಯಾಸ್ ಜೋರ್ಡಾನ್, ಪೀಟರ್ ವುಸ್ಟ್ ಮತ್ತು ಅವರ ಜೊತೆಗಾರರು 1990ರ ದಶಕದ ಮೊದಲಿನಿಂದ ಇದರ ಹಿಂದೆ ಬಿದ್ದರು. 1993ರಲ್ಲಿ ಬಂದ ಅವರ ಲೇಖನವನ್ನು ಈ ಕ್ಷೇತ್ರದವರು ಇಂದಿಗೂ ಎತ್ತಿ ಹೇಳುತ್ತಾರೆ.

ಬಿಸಿಯಿಂದ ಕ್ಯಾನ್ಸರಿಗೆ ಏನಾಗುತ್ತದೆ? 1866ರಲ್ಲಿ ಬಾನ್ ನಗರದ ವೈದ್ಯ ಬುಶ್, ಚರ್ಮದ ಸೋಂಕಿನಿಂದ ಜೋರು ಜ್ವರ ಬಂದ ರೋಗಿಯೊಬ್ಬರ ಗಡ್ಡೆ ಕುಗ್ಗಿದ್ದನ್ನು ಬರೆದಿಟ್ಟರು. ನ್ಯೂಯಾರ್ಕಿನ ವಿಲಿಯಂ ಕೋಲಿ 1890ರ ದಶಕದಲ್ಲಿ ಬೇಕೆಂದೇ ಜ್ವರ ಬರಿಸಿ ನೋಡಿದರು. ಅಲ್ಲಿ ಕೆಲಸ ಮಾಡಿದ್ದು ಜ್ವರದ ಬಿಸಿಯೋ, ಸೋಂಕಿನಿಂದ ಎಚ್ಚೆತ್ತ ರೋಗನಿರೋಧಕ ಶಕ್ತಿಯೋ ಎಂಬ ಚರ್ಚೆ ಬೇರೆಯೇ ಇದೆ. ಪ್ರಯೋಗಾಲಯಗಳಲ್ಲಿ ಮಾತ್ರ ಒಂದು ಸಂಗತಿ ಖಚಿತವಾಯಿತು. 41ರಿಂದ 46 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲಿ ಜೀವಕೋಶದ ಪ್ರೋಟೀನುಗಳು ಕೆಡತೊಡಗುತ್ತವೆ, ರೇಡಿಯೇಷನ್ ಮಾಡಿದ ಗಾಯವನ್ನು ರಿಪೇರಿ ಮಾಡಿಕೊಳ್ಳುವ ಅದರ ತಾಕತ್ತು ಕುಂದುತ್ತದೆ. ಅದಕ್ಕೇ ಬಿಸಿಯನ್ನು ಒಂಟಿಯಾಗಿ ಕೊಡುವುದಕ್ಕಿಂತ ರೇಡಿಯೇಷನ್ ಅಥವಾ ಕಿಮೊ ಜೊತೆ ಕೊಡುವುದೇ ಹೆಚ್ಚು.

ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದಕ್ಕೆ 1984ರಲ್ಲಿ ಸಪರೆಟೊ ಮತ್ತು ಡ್ಯೂಯಿ ಎಂಬ ಇಬ್ಬರು ಒಂದು ಅಳತೆಗೋಲು ಕೊಟ್ಟರು. 43 ಡಿಗ್ರಿಯನ್ನು ಗಡಿಯಾಗಿಟ್ಟುಕೊಳ್ಳಿ. ಅದರ ಮೇಲೆ ಒಂದೊಂದು ಡಿಗ್ರಿ ಏರಿದಾಗಲೂ ಬೇಕಾಗುವ ಸಮಯ ಅರ್ಧಕ್ಕರ್ಧ ಇಳಿಯುತ್ತದೆ. 43ರಲ್ಲಿ ಒಂದು ಗಂಟೆ ಮಾಡುವ ಕೆಲಸವನ್ನು 44ರಲ್ಲಿ ಅರ್ಧ ಗಂಟೆ, 45ರಲ್ಲಿ ಕಾಲು ಗಂಟೆ ಮಾಡುತ್ತದೆ. 42ಕ್ಕೆ ಇಳಿದರೆ ಅದೇ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯುತ್ತದೆ. ಈ ಲೆಕ್ಕವನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಉಷ್ಣತೆ ಅಳೆಯುವಾಗ ಒಂದೇ ಒಂದು ಡಿಗ್ರಿ ತಪ್ಪಿದರೆ ರೋಗಿಗೆ ಹೋದ ಡೋಸು ಇಮ್ಮಡಿಯಾಗಿರಬಹುದು, ಇಲ್ಲವೇ ಕಾಲುಭಾಗಕ್ಕೆ ಕುಸಿದಿರಬಹುದು. ಮಾತ್ರೆಯ ಡೋಸಿನಲ್ಲಿ ಇಂಥ ತಪ್ಪನ್ನು ಯಾವ ವೈದ್ಯರೂ ಒಪ್ಪುವುದಿಲ್ಲ. ನಾನು ಬರ್ಲಿನ್‌ನಲ್ಲಿ ಓಡಾಡಿದ್ದು ಮುಖ್ಯವಾಗಿ ಈ ಒಂದು ಡಿಗ್ರಿಯ ಹಿಂದೆ.

ಆಸ್ಪತ್ರೆಯಿಂದ ಪೂರ್ವಕ್ಕೆ ನಡೆದು ಲಿಯೋಪೋಲ್ಡ್ ಪ್ಲಾಟ್ಸ್ ದಾಟಿ ಮ್ಯುಲರ್ ಸ್ಟ್ರಾಸೆಯಲ್ಲಿ ಬಲಕ್ಕೆ ತಿರುಗಿದರೆ ಔಷಧ ಕಂಪನಿಯೊಂದರ ಎತ್ತರದ ಕಟ್ಟಡಗಳು ಕಾಣುತ್ತವೆ. ಇಂದು ಅಲ್ಲಿ ಬೇಯರ್ ಫಲಕ. 2006ರವರೆಗೆ ಅದು ಶೆರಿಂಗ್. ಯಕೃತ್ತಿನ ಎಂಆರ್‌ಐ ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಕೊಡುತ್ತಿದ್ದ ರೆಸೊವಿಸ್ಟ್ ಎಂಬ ದ್ರವ ಶೆರಿಂಗ್‌ನದೇ. ಅದರೊಳಗಿದ್ದದ್ದೂ ಸಕ್ಕರೆಯ ಜಾತಿಯ ಲೇಪ ಹೊದ್ದ ಕಬ್ಬಿಣದ ಆಕ್ಸೈಡ್ ಕಣಗಳೇ. ಕಬ್ಬಿಣದ ನ್ಯಾನೋಕಣ ಮನುಷ್ಯರ ಮೈಗೆ ಹೊಸದೇನಲ್ಲ ಎಂಬುದಕ್ಕೆ ಈ ಬೀದಿಯೇ ಸಾಕ್ಷಿ. ನಮ್ಮ ದೇಹದಲ್ಲಿ ಹೇಗಿದ್ದರೂ ಮೂರು ನಾಲ್ಕು ಗ್ರಾಂ ಕಬ್ಬಿಣ ಇದ್ದೇ ಇರುತ್ತದೆ, ಹೆಚ್ಚಾದದ್ದನ್ನು ಕೂಡಿಡುವ ದಾರಿಯೂ ದೇಹಕ್ಕೆ ಗೊತ್ತು.

ಗಡ್ಡೆಗೆ ಚುಚ್ಚುವ ಕಣದ ತಿರುಳು ಸುಮಾರು 12 ನ್ಯಾನೋಮೀಟರ್. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥವನ್ನು ಸಾವಿರಗಟ್ಟಲೆ ಸಾಲಾಗಿ ನಿಲ್ಲಿಸಬಹುದು. ಇಷ್ಟು ಚಿಕ್ಕದಾದಾಗ ಪ್ರತಿ ಕಣವೂ ಒಂದೇ ಒಂದು ಆಯಸ್ಕಾಂತ. ಹೊರಗಿನ ಕ್ಷೇತ್ರ ಹೊರಳಿದಾಗ ಅದರೊಳಗಿನ ಕಾಂತದ ದಿಕ್ಕೂ ಹೊರಳಬೇಕು, ಆದರೆ ಒಂದಿಷ್ಟು ತಡವಾಗಿ ಹೊರಳುತ್ತದೆ. ಆ ತಡದಲ್ಲಿ ಕಳೆದುಹೋದ ಶಕ್ತಿಯೇ ಬಿಸಿ. ಹೊರಳುವುದಕ್ಕೆ ಎರಡು ದಾರಿಗಳಿವೆ. ಕಣ ಅಲ್ಲಾಡದೆ ಒಳಗಿನ ದಿಕ್ಕಷ್ಟೇ ತಿರುಗುವುದು ಒಂದು. ಅದಕ್ಕೆ ಫ್ರೆಂಚ್ ಭೌತವಿಜ್ಞಾನಿ ನೀಲ್ ಅವರ ಹೆಸರು. ಕಣವೇ ದ್ರವದೊಳಗೆ ಗಿರಕಿ ಹೊಡೆಯುವುದು ಇನ್ನೊಂದು. ಅದಕ್ಕೆ ಬ್ರೌನ್ ಅವರ ಹೆಸರು. ಗಾಜಿನ ಸೀಸೆಯಲ್ಲಿ ಎರಡೂ ನಡೆಯುತ್ತವೆ. ಗಡ್ಡೆಯೊಳಗೆ ಹೋದ ಕಣ ಅಂಗಾಂಶಕ್ಕೆ ಅಂಟಿಕೊಳ್ಳುತ್ತದೆ, ಜೀವಕೋಶದೊಳಗೆ ಸಿಕ್ಕಿಕೊಳ್ಳುತ್ತದೆ, ಮಿಸುಕಾಡಲೂ ಆಗುವುದಿಲ್ಲ. ಆಗ ಎರಡನೆಯ ದಾರಿ ಮುಚ್ಚುತ್ತದೆ. ಹಾಗಾಗಿ ಸೀಸೆಯಲ್ಲಿ ಅಳೆದ ಬಿಸಿಯನ್ನು ಗಡ್ಡೆಯಲ್ಲೂ ಬರುತ್ತದೆಂದು ನಂಬಿ ಕೂರುವಂತಿಲ್ಲ. ಪ್ರತಿ ರೋಗಿಯಲ್ಲೂ ಹೊಸದಾಗಿ ಅಳೆಯಲೇಬೇಕು.

ಹಾಗಾದರೆ ಕ್ಷೇತ್ರವನ್ನು ಜೋರು ಮಾಡಿ ಎಲ್ಲ ಕಡೆ ಸಾಕಷ್ಟು ಬಿಸಿ ಮಾಡಿಬಿಡಬಾರದೇ? ಮೈ ಸುಮ್ಮನಿರುವುದಿಲ್ಲ. ಹೊರಳುವ ಕಾಂತಕ್ಷೇತ್ರ ದೇಹದೊಳಗೂ ಸುಳಿ ವಿದ್ಯುತ್ ಹುಟ್ಟಿಸುತ್ತದೆ, ಕಣವಿಲ್ಲದ ಭಾಗವೂ ಕಾಯುತ್ತದೆ. ಅಮೆರಿಕದ ಸಂಶೋಧಕರು 1984ರಲ್ಲಿ ಸ್ವಯಂಸೇವಕರನ್ನು ಕ್ಷೇತ್ರ ಹುಟ್ಟಿಸುವ ತಂತಿ ಸುರುಳಿಯೊಳಗೆ ಕೂರಿಸಿ, ಎಷ್ಟರವರೆಗೆ ತಡೆದುಕೊಳ್ಳುತ್ತಾರೆ ಎಂದು ಪರೀಕ್ಷಿಸಿ ಒಂದು ಮಿತಿ ಹೇಳಿದರು. ಆ ಲೆಕ್ಕದಲ್ಲಿ ಸೆಕೆಂಡಿಗೆ ಲಕ್ಷ ಸಲ ಹೊರಳುವ ಕ್ಷೇತ್ರದ ಬಲ ಮೀಟರಿಗೆ ಸುಮಾರು 5 ಸಾವಿರ ಆಂಪಿಯರ್ ದಾಟಬಾರದು. ಇಪ್ಪತ್ತು ವರ್ಷದ ನಂತರ ಶಾರಿಟೆಯವರು ನಿಜವಾದ ರೋಗಿಗಳಲ್ಲಿ ನೋಡಿದಾಗ ಸೊಂಟದ ಭಾಗಕ್ಕೆ ಹೆಚ್ಚುಕಡಿಮೆ ಅದೇ ಮಿತಿ ಬಂತು. ಪ್ರಾಸ್ಟೇಟ್ ಕ್ಯಾನ್ಸರಿಗೆ ಈ ಚಿಕಿತ್ಸೆ ಕೊಡುವಾಗ ತೊಡೆಸಂದಿಯ ಚರ್ಮದ ಮಡಿಕೆಗಳಲ್ಲಿ ಉರಿ ಶುರುವಾಗುತ್ತಿತ್ತು. ಎದೆಗೆ ಎಂಟೂವರೆ ಸಾವಿರದವರೆಗೆ, ತಲೆಗೆ ಹತ್ತು ಸಾವಿರಕ್ಕೂ ಮೇಲೆ ಹೋಗಬಹುದು ಎಂದು ಕಂಡರು. ದೇಹದ ಸುತ್ತಳತೆ ಚಿಕ್ಕದಾದಷ್ಟೂ ಸುಳಿ ವಿದ್ಯುತ್ ಕಡಿಮೆ. ತಲೆಗೆ ಅನುಕೂಲವಾದದ್ದು ಅದರಿಂದಲೇ. ಈ ಚಿಕಿತ್ಸೆ ಮಿದುಳಿನತ್ತ ತಿರುಗಲು ಇದೂ ಒಂದು ಕಾರಣ.

ಮ್ಯುಲರ್ ಸ್ಟ್ರಾಸೆಯಲ್ಲೇ ದಕ್ಷಿಣಕ್ಕೆ ನಡೆಯುತ್ತ ಹೋದರೆ ಬೀದಿಯ ಹೆಸರು ಶೊಸೆ ಸ್ಟ್ರಾಸೆ ಎಂದಾಗುತ್ತದೆ. ಬರ್ಲಿನ್ ಗೋಡೆ ಅಡ್ಡ ಹಾಯುತ್ತಿದ್ದ ಗಡಿ ಇದು. ಅಲ್ಲಿಂದ ಬಲಕ್ಕೆ ಒಳಹೊಕ್ಕರೆ ಶಾರ್ನ್‌ಹೋರ್ಸ್ಟ್ ಸ್ಟ್ರಾಸೆ, ಜರ್ಮನ್ ಸೇನೆಯ ಆಸ್ಪತ್ರೆ. ಪೂರ್ವ ಜರ್ಮನಿಯ ಕಾಲದಲ್ಲಿ ಪೊಲೀಸರ ಆಸ್ಪತ್ರೆಯಾಗಿದ್ದದ್ದು, ದೇಶ ಒಂದಾದ ಮೇಲೆ ಸೇನೆಗೆ ಸೇರಿತು. ಪಕ್ಕದಲ್ಲೇ ಹಳೆಯ ಸೈನಿಕರ ಸ್ಮಶಾನ, ಅದರಾಚೆ ಕಾಲುವೆ. ಕಾವಲಿರುವ ಗೇಟಿನಾಚೆಗೆ ನನ್ನಂಥವರಿಗೆ ಕೆಲಸವಿಲ್ಲ. ರಸ್ತೆಯ ಈಚೆ ಬದಿ ನಿಂತು ನೋಡಿದೆ. ಈ ಆಸ್ಪತ್ರೆಯ ನರಶಸ್ತ್ರವೈದ್ಯ ಕ್ಲಾಸ್ ಮಾಯರ್-ಹಾಫ್ ಮತ್ತು ತಂಡದವರು ಮಿದುಳಿನ ಗ್ಲಯೋಬ್ಲಾಸ್ಟೋಮಾ ರೋಗಿಗಳಲ್ಲಿ ಕಾಂತಕಣದ ಚಿಕಿತ್ಸೆಯನ್ನು ಪರೀಕ್ಷಿಸಿದರು. 2007ರಲ್ಲಿ 14 ರೋಗಿಗಳ ಮೊದಲ ವರದಿ ಬಂತು, 2011ರಲ್ಲಿ ದೊಡ್ಡ ವರದಿ.

ಗ್ಲಯೋಬ್ಲಾಸ್ಟೋಮಾ ಎಂದರೆ ಎಂಥ ಕಾಯಿಲೆ ಎಂಬುದನ್ನು ಅದನ್ನು ಕಂಡ ಮನೆಗಳವರೇ ಬಲ್ಲರು. ಶಸ್ತ್ರಚಿಕಿತ್ಸೆ, ರೇಡಿಯೇಷನ್, ಮಾತ್ರೆ ಎಲ್ಲ ಕೊಟ್ಟ ಮೇಲೂ, 2005ರಲ್ಲಿ ಪ್ರಕಟವಾಗಿ ಇಂದಿನ ಚಿಕಿತ್ಸೆಗೆ ಬುನಾದಿ ಹಾಕಿದ ದೊಡ್ಡ ಅಧ್ಯಯನದಲ್ಲಿ ಅರ್ಧದಷ್ಟು ರೋಗಿಗಳು 14.6 ತಿಂಗಳಿಗಿಂತ ಹೆಚ್ಚು ಬದುಕಲಿಲ್ಲ. ಒಮ್ಮೆ ಮರುಕಳಿಸಿದರೆ ಉಳಿಯುವ ಕಾಲ ಇನ್ನೂ ಕಡಿಮೆ. ಬರ್ಲಿನ್‌ನವರು ಕೈಗೆತ್ತಿಕೊಂಡದ್ದು ಹೆಚ್ಚಾಗಿ ಅಂಥ ಮರುಕಳಿಸಿದ ರೋಗವನ್ನೇ.

ಚಿಕಿತ್ಸೆ ಹೀಗೆ ನಡೆಯುತ್ತಿತ್ತು. ಮೊದಲು ಬಾಯಿಯೊಳಗೆ ನೋಡುತ್ತಾರೆ. ಹಲ್ಲಿಗೆ ತುಂಬಿದ ಲೋಹ, ಲೋಹದ ಕ್ಯಾಪು ಏನಿದ್ದರೂ ತೆಗೆಸಿ ಬೇರೆ ವಸ್ತು ಹಾಕಿಸಬೇಕು; ಇಲ್ಲದಿದ್ದರೆ ಕ್ಷೇತ್ರದಲ್ಲಿ ಹಲ್ಲೇ ಕಾದೀತು. ಎಂಆರ್‌ಐ ಚಿತ್ರ ನೋಡಿಕೊಂಡು ದಾರಿ ಗುರುತಿಸಿ, ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು, ಕಪ್ಪು ದ್ರವವನ್ನು ಗಡ್ಡೆಯ ಬೇರೆ ಬೇರೆ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಒಂದು ಮಿಲಿಲೀಟರ್ ದ್ರವದಲ್ಲಿ 112 ಮಿಲಿಗ್ರಾಂ ಕಬ್ಬಿಣ. ಅದೇ ಹೊತ್ತಿಗೆ ತುದಿ ಮುಚ್ಚಿದ ಒಂದು ತೆಳು ನಳಿಕೆಯನ್ನೂ ಗಡ್ಡೆಯೊಳಗೆ ಬಿಡುತ್ತಾರೆ. ಉಷ್ಣತೆ ಅಳೆಯುವ ಎಳೆ ಹೋಗುವುದು ಅದರೊಳಗೆ. ಕಣಗಳು ಎಲ್ಲಿ ಎಷ್ಟು ನಿಂತಿವೆ ಎಂದು ಸಿಟಿ ಸ್ಕ್ಯಾನ್‌ನಲ್ಲಿ ನೋಡುತ್ತಾರೆ. ಆಮೇಲೆ ವಾರಕ್ಕೆರಡರಂತೆ ಆರು ಸಲ, ಪ್ರತಿ ಸಲ ಒಂದು ಗಂಟೆ ಬಿಸಿ; ಜೊತೆಗೆ ರೇಡಿಯೇಷನ್. 2011ರ ವರದಿಯಲ್ಲಿ ಗಡ್ಡೆಯೊಳಗಿನ ಅತಿ ಹೆಚ್ಚಿನ ಉಷ್ಣತೆಯ ಮಧ್ಯಮ ಮೌಲ್ಯ 51.2 ಡಿಗ್ರಿ. ಮರುಕಳಿಸಿದ ಗ್ಲಯೋಬ್ಲಾಸ್ಟೋಮಾದ 59 ರೋಗಿಗಳಲ್ಲಿ, ಮರುಕಳಿಸಿದ್ದು ಗೊತ್ತಾದಾಗಿನಿಂದ ಬದುಕಿದ ಕಾಲದ ಮಧ್ಯಮ ಮೌಲ್ಯ 13.4 ತಿಂಗಳು.

ಹಳೆಯ ದಾಖಲೆಗಳ ಪಕ್ಕದಲ್ಲಿಟ್ಟರೆ ಇದು ಒಳ್ಳೆಯ ಅಂಕಿ. ಆದರೆ ಅದೇ ಅಧ್ಯಯನದೊಳಗೆ ಚೀಟಿ ಎತ್ತಿದಂತೆ ಆರಿಸಿದ, ಈ ಚಿಕಿತ್ಸೆ ಪಡೆಯದ ಇನ್ನೊಂದು ಗುಂಪು ಇರಲಿಲ್ಲ. ಗಟ್ಟಿಮುಟ್ಟಾದ ರೋಗಿಗಳನ್ನೇ ಆರಿಸಿಕೊಂಡದ್ದರಿಂದ ಅಂಕಿ ಹಿಗ್ಗಿತೇ ಎಂಬ ಪ್ರಶ್ನೆಗೆ ಇಂಥ ಅಧ್ಯಯನ ಉತ್ತರ ಕೊಡಲಾರದು. 2010ರಲ್ಲಿ ಯುರೋಪಿನಲ್ಲಿ ಮಿದುಳಿನ ಗಡ್ಡೆಗಳಿಗೆ ಇದಕ್ಕೆ ಅನುಮತಿ ಸಿಕ್ಕಿತ್ತು. ಅನುಮತಿ ಸಿಕ್ಕ ಮೇಲೂ ಆ ಹೋಲಿಕೆಯ ಅಧ್ಯಯನ ಆಗಲೇಬೇಕಿತ್ತು ಎಂಬುದು ನನ್ನ ಬಲವಾದ ಅಭಿಪ್ರಾಯ.

ಇನ್ನೂ ಒಂದು ಮಾತು ಆ ಗೇಟಿನೆದುರು ನನ್ನನ್ನು ಕಾಡಿತು. 51.2 ಡಿಗ್ರಿ ಎಂಬುದು ನಳಿಕೆ ಇದ್ದ ಆ ಒಂದು ಗೆರೆಯ ಮೇಲೆ ಅಳೆದದ್ದು. ಉಳಿದ ಜಾಗದಲ್ಲಿ ಎಷ್ಟಿತ್ತು? ಅದನ್ನು ಕಂಪ್ಯೂಟರ್ ಲೆಕ್ಕ ಹಾಕಿ ಹೇಳುತ್ತದೆ: ಸಿಟಿಯಲ್ಲಿ ಕಂಡ ಕಣಗಳ ಹಂಚಿಕೆ, ಕ್ಷೇತ್ರದ ಬಲ, ಮತ್ತು ರಕ್ತ ಹರಿದು ಬಿಸಿಯನ್ನು ಹೊತ್ತೊಯ್ಯುವ ವೇಗದ ಅಂದಾಜು ಸೇರಿಸಿ. ರಕ್ತದ ಈ ಪಾತ್ರಕ್ಕೆ ಪೆನ್ನೆಸ್ ಎಂಬುವರು 1948ರಲ್ಲಿ ಬರೆದ ಸಮೀಕರಣವೇ ಇಂದಿಗೂ ಆಧಾರ. ಗಡ್ಡೆಯ ರಕ್ತನಾಳಗಳು ಅಡ್ಡಾದಿಡ್ಡಿ. ಒಂದು ಕಡೆ ಧಾರಾಳ ಹರಿವು, ಇನ್ನೊಂದು ಕಡೆ ಬತ್ತಿದ ಹಾಗೆ. ಬಿಸಿಯಾದಂತೆ ಆ ಹರಿವೂ ಬದಲಾಗುತ್ತದೆ. ಒಂದು ನಳಿಕೆಯನ್ನು ನಂಬುವುದೆಂದರೆ ಸ್ನಾನದ ಹಂಡೆಯ ಮೇಲ್ನೀರಿಗೆ ಕೈಯಿಟ್ಟು ತಳದವರೆಗೂ ಕಾದಿದೆ ಎಂದುಕೊಂಡ ಹಾಗೆ. ನಡುವೆ 51 ಇದ್ದು ಅಂಚಿನಲ್ಲಿ 41 ಇದ್ದರೆ, ಆ ಅಂಚಿನಲ್ಲಿ ಉಳಿದ ಕೋಶಗಳಿಂದಲೇ ಕಾಯಿಲೆ ಮತ್ತೆ ಚಿಗುರುತ್ತದೆ.

ಸಂಜೆ ಚಾರ್ಲೊಟ್ಟೆನ್‌ಬುರ್ಗ್ ಕಡೆಗೆ ಹೊರಟೆ. ಜೂನ್ ತಿಂಗಳು, ಒಂಬತ್ತು ಗಂಟೆಗೂ ಬೆಳಕು. ಬರ್ಲಿನ್‌ನಲ್ಲಿ ವರ್ಷಕ್ಕೊಮ್ಮೆ ಸಂಶೋಧನಾ ಸಂಸ್ಥೆಗಳು ರಾತ್ರಿಯವರೆಗೂ ಬಾಗಿಲು ತೆರೆದು ಜನರನ್ನು ಒಳಗೆ ಬಿಡುತ್ತವೆ. ವಿಜ್ಞಾನದ ಉದ್ದ ರಾತ್ರಿ ಎಂದು ಅದರ ಹೆಸರು. ಅಪ್ಪ ಅಮ್ಮಂದಿರು ಮಕ್ಕಳ ಕೈ ಹಿಡಿದು ಸಾಲುಸಾಲಾಗಿ ಬರುತ್ತಾರೆ. ಒಂದು ಮೇಜಿನ ಮುಂದೆ ನಾನು ಬಹಳ ಹೊತ್ತು ನಿಂತೆ.

ಮೇಜಿನ ಮೇಲೆ ತಾಮ್ರದ ಕೊಳವೆಯ ಸುರುಳಿ. ಕೊಳವೆ ಟೊಳ್ಳು, ಒಳಗೆ ತಣ್ಣೀರು ಓಡುತ್ತಿರುತ್ತದೆ. ಇಲ್ಲವಾದರೆ ಸುರುಳಿಯೇ ಕಾದು ಹೋಗುತ್ತದೆ. ಸುರುಳಿಯ ನಡುವೆ ಕಿರುಬೆರಳಿನಷ್ಟು ಗಾಜಿನ ಸೀಸೆ, ಅದರಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ದ್ರವ. ಮೇಲಿನಿಂದ ಕೂದಲಿನಂಥ ಒಂದು ಎಳೆ ಒಳಗೆ ಇಳಿಬಿಟ್ಟಿತ್ತು. ಸಂಶೋಧನೆ ಮಾಡುತ್ತಿರುವ ಹುಡುಗಿ ಗುಂಡಿ ಒತ್ತಿದಳು. ಸದ್ದಿಲ್ಲ, ಬೆಳಕಿಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹೊರಳುವ ಕ್ಷೇತ್ರ ಯಾವ ಕಿವಿಗೂ ಕೇಳುವುದಿಲ್ಲ, ತಣ್ಣೀರಿನ ಪಂಪಿನ ಗುಂಯ್‌ಗುಟ್ಟುವಿಕೆ ಮಾತ್ರ. ಪರದೆಯ ಮೇಲೆ 24 ಇದ್ದ ಅಂಕಿ 25, 27, 30 ಎಂದು ಏರತೊಡಗಿತು. ನಲವತ್ತು ದಾಟಿದ ಮೇಲೆ ಅವಳು ಸುರುಳಿಯ ಕಡೆ ನೋಡಲಿಲ್ಲ, ಪರದೆಯ ಕಡೆ ಮಾತ್ರ ನೋಡಿದಳು. 43ಕ್ಕೆ ಕ್ಷೇತ್ರವನ್ನು ಇಳಿಸಿ ಅಲ್ಲೇ ನಿಲ್ಲಿಸಿದಳು.

ಆಮೇಲೆ ಮಾಡಿದ್ದೇ ನನಗೆ ಮುಖ್ಯವಾಗಿ ಕಂಡಿತು. ಬರಿಯ ನೀರಿನ ಇನ್ನೊಂದು ಸೀಸೆ ಇಟ್ಟು, ಅದಕ್ಕೆ ಸಾಮಾನ್ಯ ಲೋಹದ ಥರ್ಮೋಕಪಲ್ ಇಳಿಸಿದಳು. ಕಣಗಳೇ ಇಲ್ಲದ ನೀರು. ಕ್ಷೇತ್ರ ಹಾಕಿದ ಕೂಡಲೇ ಅಂಕಿ ಜಿಗಿಯಿತು. ಕಾದದ್ದು ನೀರಲ್ಲ, ಅಳೆಯಲು ಇಟ್ಟ ತಂತಿಯೇ. ‘ಇದಕ್ಕೇ ಗಾಜಿನ ಎಳೆ ಬೇಕು’ ಎಂದಳು. ಅವಳ ಎಳೆಯ ತುದಿಯಲ್ಲಿ ಕಣ್ಣಿಗೆ ಕಂಡೂ ಕಾಣದ ಗ್ಯಾಲಿಯಂ ಆರ್ಸೆನೈಡ್ ಹರಳಿನ ಚೂರು ಇತ್ತು. ಎಳೆಯೊಳಗೆ ಬೆಳಕು ಕಳಿಸಿದರೆ ಹರಳು ಅದರಲ್ಲಿ ಒಂದು ಭಾಗವನ್ನು ಹೀರಿಕೊಂಡು ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ. ಎಲ್ಲಿಯವರೆಗಿನ ಬಣ್ಣವನ್ನು ಹೀರುತ್ತದೆ ಎಂಬ ಗಡಿ ಉಷ್ಣತೆಗೆ ತಕ್ಕಂತೆ ಸರಿಯುತ್ತದೆ. ಆ ಗಡಿಯನ್ನು ಓದಿದರೆ ಡಿಗ್ರಿ ಸಿಕ್ಕಿತು. ಲೋಹವಿಲ್ಲ, ವಿದ್ಯುತ್ತಿಲ್ಲ, ಕಾಂತಕ್ಷೇತ್ರಕ್ಕೆ ಅದರ ಗೊಡವೆಯೇ ಇಲ್ಲ. ಬ್ರ್ಯಾಗ್ ಗ್ರೇಟಿಂಗ್ ಎಂಬ ಇನ್ನೊಂದು ಜಾತಿಯ ಎಳೆಯಲ್ಲಿ ಉದ್ದಕ್ಕೂ ಹಲವು ಕಡೆ ಗುರುತು ಕೊರೆದಿರುತ್ತಾರೆ. ಒಂದೇ ಎಳೆ ಹಲವು ಜಾಗದ ಉಷ್ಣತೆಯನ್ನು ಒಟ್ಟಿಗೆ ಹೇಳುತ್ತದೆ. ಗಡ್ಡೆಯೊಳಗೆ ಒಂದು ಬಿಂದುವಿನ ಬದಲು ಒಂದು ಗೆರೆಯನ್ನಾದರೂ ಪೂರ್ತಿ ಓದಬಹುದಾದದ್ದು ಇದರಿಂದ.

ಈ ಬಡಾವಣೆಗೆ ಬಂದು ಅಳತೆಯ ಮಾತಾಡುವುದು ಸಹಜ. ಎರ್ನ್‌ಸ್ಟ್ ರಾಯ್ಟರ್ ಪ್ಲಾಟ್ಸ್ ಮೆಟ್ರೋ ನಿಲ್ದಾಣಕ್ಕೆ ಹತ್ತಿರದಲ್ಲೇ ಆಬ್ಬೆ ಸ್ಟ್ರಾಸೆಯಲ್ಲಿ ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆಯ ಬರ್ಲಿನ್ ಶಾಖೆ ಇದೆ. ಉದ್ಯಮಿ ವೆರ್ನರ್ ಫಾನ್ ಸೀಮೆನ್ಸ್ ಜಾಗ ಕೊಟ್ಟು 1887ರಲ್ಲಿ ಹುಟ್ಟಿದ ಸಂಸ್ಥೆ. ಮೊದಲ ಅಧ್ಯಕ್ಷರು ಹೆಲ್ಮ್‌ಹೋಲ್ಟ್ಸ್. ಬೀದಿದೀಪ ಎಷ್ಟು ಬೆಳಕು ಕೊಡುತ್ತದೆ ಎಂದು ಅಳೆಯುವ ಮಾನಕ ಬೇಕೆಂದು ಇಲ್ಲಿನವರು ಕಾದ ಕುಲುಮೆಯ ಬೆಳಕನ್ನು ಅಳೆಯುತ್ತ ಹೋದರು. 1900ರ ಅಕ್ಟೋಬರಿನಲ್ಲಿ ರೂಬೆನ್ಸ್ ಮತ್ತು ಕುರ್ಲ್‌ಬಾಮ್ ಅವರ ಅಳತೆಗಳು ಹಳೆಯ ಸೂತ್ರಕ್ಕೆ ಹೊಂದಲಿಲ್ಲ. ಅದನ್ನು ಕೇಳಿ ತಿಳಿದ ಮ್ಯಾಕ್ಸ್ ಪ್ಲಾಂಕ್ ಹೊಸ ಸೂತ್ರ ಬರೆದರು, ಕ್ವಾಂಟಂ ಭೌತವಿಜ್ಞಾನಕ್ಕೆ ಬಾಗಿಲು ತೆರೆಯಿತು. 2019ರಲ್ಲಿ ಉಷ್ಣತೆಯ ಮಾನ ಕೆಲ್ವಿನ್‌ಗೆ ಹೊಸ ವ್ಯಾಖ್ಯೆ ಬಂದಾಗ ಅದರ ಹಿಂದಿನ ಅಳತೆಗಳಲ್ಲೂ ಈ ಶಾಖೆಯ ಪಾಲಿತ್ತು.

ಇದೇ ಆವರಣದಲ್ಲಿ ಭೂಮಿಯ ಮೇಲಿನ ಅತ್ಯಂತ ‘ಕಾಂತಮೌನ’ದ ಕೋಣೆಗಳಲ್ಲೊಂದು ಇದೆ. ಕಬ್ಬಿಣ, ನಿಕೆಲ್ ಬೆರೆತ ವಿಶೇಷ ಲೋಹದ ಏಳು ಪದರ, ಜೊತೆಗೆ ಅಲ್ಯೂಮಿನಿಯಂನ ಒಂದು ಪದರ. ಒಳಗಿನ ಜಾಗ ಒಂದು ಸಣ್ಣ ಮಲಗುವ ಕೋಣೆಯಷ್ಟು. ಹೊರಗೆ ಓಡುವ ಮೆಟ್ರೋ, ಕಾರು, ಲಿಫ್ಟು, ಭೂಮಿಯ ಕಾಂತಕ್ಷೇತ್ರ ಸಹ ಒಳಗೆ ಬರದಂತೆ ತಡೆದಿದ್ದಾರೆ. ಅದರೊಳಗೆ ದ್ರವ ಹೀಲಿಯಂನಲ್ಲಿ ಮುಳುಗಿದ, ಸೊನ್ನೆಗಿಂತ 269 ಡಿಗ್ರಿ ಕೆಳಗಿನ ತಂಪಿನಲ್ಲಿ ಕೆಲಸ ಮಾಡುವ ಸ್ಕ್ವಿಡ್ ಸಂವೇದಕಗಳು. ಮಿದುಳು, ಹೃದಯಗಳಿಂದ ಹೊಮ್ಮುವ ಅತಿ ಕ್ಷೀಣ ಕಾಂತಕ್ಷೇತ್ರವನ್ನೂ ಇವು ಹಿಡಿಯುತ್ತವೆ.

ನ್ಯಾನೋಕಣಕ್ಕೂ ಈ ಕೋಣೆಗೂ ಸಂಬಂಧ ಇದೆ. ಕಣಗಳಿರುವ ಅಂಗಾಂಶಕ್ಕೆ ಕ್ಷಣಕಾಲ ಕಾಂತಕ್ಷೇತ್ರ ಕೊಟ್ಟು ತಟ್ಟನೆ ನಿಲ್ಲಿಸುತ್ತಾರೆ. ಒಂದೇ ದಿಕ್ಕಿಗೆ ಮುಖ ಮಾಡಿದ್ದ ಕಣಗಳು ಮತ್ತೆ ಚದುರುತ್ತ ಹೋಗುತ್ತವೆ. ಆ ಚದುರುವಿಕೆಯ ವೇಗವನ್ನು ಸ್ಕ್ವಿಡ್ ಕೇಳಿಸಿಕೊಳ್ಳುತ್ತದೆ. ಎಷ್ಟು ಕಬ್ಬಿಣ ಇದೆ, ಕಣಗಳು ಬಿಡಿಯಾಗಿವೆಯೇ ಅಂಟಿಕೊಂಡಿವೆಯೇ ಎಂಬುದೆಲ್ಲ ಅದರಿಂದ ತಿಳಿಯುತ್ತದೆ. ಗಡ್ಡೆಯನ್ನು ಕತ್ತರಿಸದೆ ಒಳಗಿನ ಕಣಗಳ ಲೆಕ್ಕ ಸಿಗುವುದೆಂದರೆ ಸಣ್ಣ ಮಾತಲ್ಲ. ಬಿಸಿ ಎಲ್ಲಿ ಎಷ್ಟು ಹುಟ್ಟುತ್ತದೆ ಎಂಬುದಕ್ಕೆ ಮೊದಲ ಸುಳಿವೇ ಅದು.

ಜರ್ಮನಿಯಲ್ಲೇ ಹುಟ್ಟಿದ ಇನ್ನೊಂದು ದಾರಿಯ ಬಗ್ಗೆ ನನಗೆ ಹೆಚ್ಚು ಭರವಸೆ. 2005ರಲ್ಲಿ ಹ್ಯಾಂಬರ್ಗ್‌ನ ಫಿಲಿಪ್ಸ್ ಸಂಶೋಧಕರಾದ ಗ್ಲೈಶ್ ಮತ್ತು ವೈಟ್ಸೆನೆಕರ್ ಕಾಂತಕಣಗಳನ್ನೇ ನೇರವಾಗಿ ಚಿತ್ರಿಸುವ ವಿಧಾನವನ್ನು ಪ್ರಕಟಿಸಿದರು. ದೇಹದ ಉಳಿದ ಯಾವ ಭಾಗವೂ ಅದರಲ್ಲಿ ಕಾಣುವುದಿಲ್ಲ, ಕಣ ಇದ್ದಲ್ಲಿ ಮಾತ್ರ ಬೆಳಗುತ್ತದೆ. ಕಣಗಳು ಕೊಡುವ ಸಂಕೇತದ ರೂಪ ಉಷ್ಣತೆಯೊಂದಿಗೆ ಬದಲಾಗುತ್ತದೆ ಎಂಬುದನ್ನು ಅಮೆರಿಕದ ಡಾರ್ಟ್‌ಮತ್‌ನ ಜಾನ್ ವೀವರ್ ತಂಡ 2009ರಲ್ಲಿ ತೋರಿಸಿತು. ಎರಡನ್ನೂ ಕೂಡಿಸಿದರೆ ಕಾಯಿಸುವ ಕಣವೇ ಥರ್ಮಾಮೀಟರ್ ಆಗುತ್ತದೆ. ಮಿದುಳಿಗೆ ನಳಿಕೆ ಚುಚ್ಚಬೇಕಿಲ್ಲ, ಗಡ್ಡೆಯ ಪ್ರತಿ ಮೂಲೆಯ ಬಿಸಿಯೂ ಹೊರಗೆ ಕಾಣುತ್ತದೆ. ಇದರ ಜೊತೆಗೆ ಇನ್ನೊಂದು ಉಪಾಯವೂ ಬೆಳೆಯುತ್ತಿದೆ: ಗೊತ್ತಾದ ಉಷ್ಣತೆ ತಲುಪಿದಾಗ ಕಾಂತಗುಣವನ್ನೇ ಕಳೆದುಕೊಂಡು ಕಾಯುವುದನ್ನು ತಾನೇ ನಿಲ್ಲಿಸುವ ಕಣಗಳನ್ನು ತಯಾರಿಸುವುದು. ಇವೆಲ್ಲ ಇನ್ನೂ ಬಹುಪಾಲು ಪ್ರಯೋಗಾಲಯದಲ್ಲೇ ಇವೆ.

ರೋಗಿಯ ಹಾಸಿಗೆಯ ಬಳಿಯ ಸುದ್ದಿ ಅಷ್ಟು ಚೆನ್ನಾಗಿಲ್ಲ. ಕಣಗಳಿರುವ ಜಾಗ ಎಂಆರ್‌ಐಯಲ್ಲಿ ಕಪ್ಪು ಕಲೆಯಾಗಿ ಬಿಡುತ್ತದೆ, ಗಡ್ಡೆ ಮತ್ತೆ ಬೆಳೆಯಿತೇ ಎಂದು ನೋಡುವುದೇ ಕಷ್ಟ. ಮ್ಯೂನ್‌ಸ್ಟರ್ ನಗರದ ವೈದ್ಯರು ಗಡ್ಡೆ ತೆಗೆದ ಗುಳಿಯ ಗೋಡೆಗೆ ಕಣಗಳ ಲೇಪ ಹಚ್ಚಿ ಆರು ರೋಗಿಗಳಿಗೆ ಚಿಕಿತ್ಸೆ ಕೊಟ್ಟು 2019ರಲ್ಲಿ ವರದಿ ಮಾಡಿದರು. ರೋಗನಿರೋಧಕ ಕೋಶಗಳು ಅಲ್ಲಿ ಜೋರಾಗಿ ಎಚ್ಚೆತ್ತದ್ದು ಕಂಡಿತು. ಇಬ್ಬರು ಬಹಳ ಕಾಲ ಚೆನ್ನಾಗಿದ್ದರು. ಅದರ ಜೊತೆಗೇ ಮಿದುಳಿನಲ್ಲಿ ಊತ ಬಂತು, ನಾಲ್ವರಿಗೆ ಮತ್ತೆ ತಲೆ ತೆರೆದು ಕಣಗಳನ್ನು ತೆಗೆಯಬೇಕಾಯಿತು. ಈ ಚಿಕಿತ್ಸೆಯನ್ನು ಮಾರುಕಟ್ಟೆಗೆ ತಂದಿದ್ದ ಬರ್ಲಿನ್‌ನ ಮ್ಯಾಗ್‌ಫೋರ್ಸ್ ಕಂಪನಿ 2022ರಲ್ಲಿ ದಿವಾಳಿ ಅರ್ಜಿ ಹಾಕಿತು. ಮೂವತ್ತು ವರ್ಷದ ಶ್ರಮ ಹೀಗೆ ನಡುದಾರಿಯಲ್ಲಿ ನಿಂತದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

ನಮ್ಮ ಬೆಂಗಳೂರಿನಲ್ಲೂ ಇದರ ಒಂದು ಎಳೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಅವರ ತಂಡ ಬಹುಕಾಲದಿಂದ ತಿರುಪು ಮೊಳೆಯ ಆಕಾರದ ಸೂಕ್ಷ್ಮ ಸುರುಳಿಗಳನ್ನು ಮಾಡುತ್ತಿದೆ. ತಿರುಗುವ ಕಾಂತಕ್ಷೇತ್ರದಲ್ಲಿ ಇವು ದ್ರವದೊಳಗೆ ಕೊರೆಯುತ್ತ ಮುಂದೆ ಸಾಗುತ್ತವೆ. 2018ರಲ್ಲಿ ಅವರು ಈ ಸುರುಳಿಗಳಿಗೆ ಸತುವಿನ ಫೆರೈಟ್ ಲೇಪ ಕೊಟ್ಟು, ಅವು ಒಂದಕ್ಕೊಂದು ಅಂಟದಂತೆಯೂ ಹೊರಳುವ ಕ್ಷೇತ್ರದಲ್ಲಿ ಬಿಸಿಯಾಗುವಂತೆಯೂ ಮಾಡಿದರು. ಚುಚ್ಚಿದಲ್ಲೇ ನಿಲ್ಲುವ ಕಣದ ಬದಲು ಬೇಕಾದಲ್ಲಿಗೆ ನಡೆಸಿಕೊಂಡು ಹೋಗಿ ಬಿಸಿ ಮಾಡುವ ಆಸೆ ಇದರಲ್ಲಿದೆ. 2022ರಲ್ಲಿ ಅದೇ ಬಗೆಯ ಸುರುಳಿಗಳನ್ನು ಹಲ್ಲಿನ ಒಳಗಿನ ಸೂಕ್ಷ್ಮ ನಾಳಗಳಿಗೆ ಇಳಿಸಿ, ಬಿಸಿಯಿಂದ ಬ್ಯಾಕ್ಟೀರಿಯಾ ಕೊಂದು ತೋರಿಸಿದರು. ಹಲ್ಲಿಗೆ ಮೊದಲು ಬಂದದ್ದು ಒಳ್ಳೆಯದೇ. ಅಲ್ಲಿ ಒಂದು ಡಿಗ್ರಿ ತಪ್ಪಿದರೆ ಜೀವಕ್ಕೆ ಅಪಾಯವಿಲ್ಲ.

ಬರ್ಲಿನ್ ಸುತ್ತಿದ ಮೇಲೆ ನನ್ನ ತೀರ್ಮಾನ ಇಷ್ಟು. ಗಡ್ಡೆಯನ್ನು ಕಣಗಳಿಂದ ಕಾಯಿಸುವ ವಿದ್ಯೆ ಕೈಗೆ ಬಂದಿದೆ. ಗಡ್ಡೆಯುದ್ದಕ್ಕೂ ಎಲ್ಲಿ ಎಷ್ಟು ಕಾದಿದೆ ಎಂದು ಚಿಕಿತ್ಸೆ ನಡೆಯುವಾಗಲೇ ತಿಳಿಯುವ ವಿದ್ಯೆ ಇನ್ನೂ ಪೂರ್ತಿ ಬಂದಿಲ್ಲ. ಅದು ಬರುವವರೆಗೆ, ಜೊತೆಗೆ ಸರಿಯಾದ ಹೋಲಿಕೆಯ ಅಧ್ಯಯನ ಆಗುವವರೆಗೆ, ಇದನ್ನು ಸಿದ್ಧ ಚಿಕಿತ್ಸೆ ಎಂದು ಕರೆಯಬಾರದು.

ಮನೆಯಲ್ಲಿ ಕ್ಯಾನ್ಸರ್ ಕಂಡವರು ಯಾವ ಹೊಸ ಹೆಸರು ಕೇಳಿದರೂ ಓಡುತ್ತಾರೆ, ಓಡಲೇಬೇಕು ಅನ್ನಿಸುತ್ತದೆ. ಅವರಿಗೆ ಒಂದು ಮಾತು. ರೇಡಿಯೋ ತರಂಗದ ಉಷ್ಣ ಚಿಕಿತ್ಸೆ ಬೇರೆ, ಕಾಂತಕಣದ್ದು ಬೇರೆ. ಎರಡನ್ನೂ ಒಂದೇ ಎಂದು ಹೇಳುವವರನ್ನು ನಂಬಬೇಡಿ. ‘ನ್ಯಾನೋ’ ಹೆಸರಿನಲ್ಲಿ ಯಾರಾದರೂ ಬಿಸಿ ಚಿಕಿತ್ಸೆ ಕೊಡುತ್ತೇವೆಂದರೆ, ಗಡ್ಡೆಯೊಳಗಿನ ಉಷ್ಣತೆಯನ್ನು ಎಷ್ಟು ಜಾಗದಲ್ಲಿ, ಯಾವುದರಿಂದ ಅಳೆಯುತ್ತೀರಿ ಎಂದು ಮೊದಲು ಕೇಳಿ. ಅದು ಪ್ರಯೋಗವಾದರೆ ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿ ಆಗಿರಲೇಬೇಕು. ಆ ಪಟ್ಟಿಯನ್ನು ಯಾರು ಬೇಕಾದರೂ ಹಣ ಕೊಡದೆ ತೆರೆದು ನೋಡಬಹುದು. ನಿಮ್ಮ ಕ್ಯಾನ್ಸರ್ ವೈದ್ಯರ ಎದುರು ಕೂತು ಆ ನೋಂದಣಿಯನ್ನು ತೋರಿಸಿ, ಆಮೇಲೆ ಹೆಜ್ಜೆ ಇಡಿ.